ಮೂರನೆಯ ಹೆಜ್ಜೆ

ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿಳಿದು ಬರುವಾಗ ಕೇಳುವ ಟಕ್ ಟಕ್ ಸದ್ದು ನಾಯಕಿಯದಲ್ಲ. ಶೂಟಿಂಗ್ ಮುಗಿದು ಎರಡು ಮೂರು ತಿಂಗಳಾದ ಮೇಲೆ, ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ, ಮಂಡಿಗೆ ಮುಲಾಮು ಹಚ್ಚಿಕೊಂಡ ಒಬ್ಬ ಹೆಂಗಸು ಮಾಡಿದ ಸದ್ದು ಅದು. ನಾಯಕಿಗೆ ಹೂಮಾಲೆ ಬೀಳುತ್ತದೆ, ಈ ಹೆಂಗಸಿಗೆ ಕಾಲು ಊದುತ್ತದೆ. ಇಪ್ಪತ್ತೆಂಟು ವರ್ಷ ಹಾಗೆ ಕಂಡವರ ನಡಿಗೆಯನ್ನೆಲ್ಲ ನಡೆದವಳನ್ನು ಸ್ಟುಡಿಯೋದವರು ಹೆಜ್ಜೆಕ್ಕ ಎನ್ನುತ್ತಿದ್ದರು.

ಅವಳು ಕೆಲಸ ಮಾಡುತ್ತಿದ್ದ ಕೋಣೆಯ ನೆಲದಲ್ಲಿ ಆರು ಗುಣಿಗಳಿದ್ದವು. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಒಣಗಿದ ಎಲೆ, ಒಂದರಲ್ಲಿ ನೀರು. ಇನ್ನೆರಡರ ಮೇಲೆ ಮರದ ಹಲಗೆ ಮತ್ತು ಕಲ್ಲು ಚಪ್ಪಡಿ. ಗೋಡೆಗೆ ಹೊಡೆದ ಹಲಗೆಗಳ ಮೇಲೆ ಅರವತ್ಮೂರು ಜೊತೆ ಬೂಟು, ಚಪ್ಪಲಿ. ಎದುರಿಗೆ ಪರದೆ. ಪರದೆಯ ಮೇಲೆ ಯಾರು ನಡೆಯುತ್ತಾರೋ ಅವರ ಜೊತೆ ನಡೆಯಬೇಕು, ಅವರು ಎಡವಿದರೆ ಎಡವಬೇಕು. ಪಕ್ಕದಲ್ಲೇ ಗಾಜಿನ ಕೋಣೆ. ಅಲ್ಲಿ ಯಂತ್ರಗಳ ಮುಂದೆ ರೆಕಾರ್ಡಿಂಗ್ ಮಾಡುವವನು ಕೂರುತ್ತಿದ್ದ. ಇಡೀ ಸ್ಟುಡಿಯೋ ಅವನನ್ನು ಸಾರ್ ಎನ್ನುತ್ತಿತ್ತು.

ಸಾರ್ ಇವಳ ಜೊತೆ ಮಾತಾಡಬೇಕೆಂದರೆ ತನ್ನ ಮೇಜಿನ ತುದಿಯ ಒಂದು ಗುಂಡಿಯನ್ನು ಒತ್ತಿ ಹಿಡಿಯಬೇಕಿತ್ತು. ಹಿಡಿದಷ್ಟು ಹೊತ್ತು ಆ ಕೋಣೆಯ ಸದ್ದೆಲ್ಲ ಇವಳ ಹೆಡ್‌ಫೋನಿಗೆ ಬರುತ್ತಿತ್ತು. ಬೆರಳು ತೆಗೆದರೆ ಟಕ್ ಎಂದು ನಿಲ್ಲುತ್ತಿತ್ತು. ಅವನಿಗೆ ತಾಳ್ಮೆ ಕಡಿಮೆ, ಮಾತು ಮುಗಿಯುವ ಮೊದಲೇ ಬೆರಳು ತೆಗೆಯುವ ಚಾಳಿ. ಹಾಗಾಗಿ ಅವನ ಬೈಗುಳವೆಲ್ಲ ಅರ್ಧಂಬರ್ಧ ತಲುಪುತ್ತಿತ್ತು. “ಉಳಿದರ್ಧ ನಾವೇ ಸೇರಿಸ್ಕೋಬೇಕು, ಅದಕ್ಕೂ ಬೇರೆ ಆಳಿಲ್ಲ” ಎಂದು ಹೆಜ್ಜೆಕ್ಕ ನಗುತ್ತಿದ್ದಳು.

ಅವಳು ಅಲ್ಲಿಗೆ ಬಂದದ್ದು ಕಸ ಗುಡಿಸಲು. ಆಗೆಲ್ಲ ಹೆಣ್ಣು ಪಾತ್ರಗಳ ಹೆಜ್ಜೆಯನ್ನೂ ಗಂಡಸರೇ ಇಡುತ್ತಿದ್ದರು. ಹೊಟ್ಟೆ ಬಂದ ಇಬ್ಬರು ಹೈ ಹೀಲ್ಡಿಗೆ ಕಾಲು ತುರುಕಿಕೊಂಡು, ಗೋಡೆ ಹಿಡಿದುಕೊಂಡು ಹಲಗೆಯ ಮೇಲೆ ದಡಬಡ ಮಾಡುತ್ತಿದ್ದರು. ಆ ಕಾಲದ ನಾಯಕಿಯರು ಹೂವಿನಂತೆ ಕಾಣುತ್ತಿದ್ದರು, ಗೂಡ್ಸ್ ಲಾರಿಯಂತೆ ಕೇಳಿಸುತ್ತಿದ್ದರು. ಒಂದು ದಿನ ಅವರಲ್ಲೊಬ್ಬನ ಕಾಲು ಉಳುಕಿತು. ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳನ್ನು ಯಾರೋ ತಮಾಷೆಗೆ ಕರೆದರು. ಅವಳು ಪರದೆಯನ್ನು ಒಂದು ಸಲ ನೋಡಿದಳು, ಎರಡನೆಯ ಸಲಕ್ಕೆ ನಡೆದಳು. ಮೂರನೆಯ ಸಲ ಬೇಕಾಗಲಿಲ್ಲ.

ಆದರೂ ಕೆಲಸಗಾರರ ಸಂಘದ ಕಾರ್ಡು ಅವಳಿಗೆ ಸಿಗಲಿಲ್ಲ. ಕಾರ್ಡಿಲ್ಲದಿದ್ದರೆ ಅವಳು ಹೆಜ್ಜೆ ಹಾಕುವವಳಲ್ಲ, ಗುಡಿಸುವವಳೇ. “ಹೆಂಗಸರಿಗೆ ಕಾರ್ಡು ಕೊಟ್ಟರೆ ನಾಳೆ ಹೆಂಗಸರಿಗೆ ಬೇರೆ ಕಕ್ಕಸು ಕೇಳ್ತಾರೆ” ಎಂದು ಸಂಘದ ಅಧ್ಯಕ್ಷ ಹೇಳಿದ. ಕೇಳುವುದರಲ್ಲಿ ತಪ್ಪೇನಿತ್ತೋ ಯಾರಿಗೂ ತಿಳಿಯದು. ಹತ್ತೊಂಬತ್ತು ದಿನ ಅವಳು ಸಂಘದ ಗೇಟಿನ ಮುಂದೆ ಗೋಣಿತಟ್ಟು ಹಾಕಿಕೊಂಡು ಕೂತಳು. ಜೊತೆಗೆ ಕೂದಲು ಕಟ್ಟುವ ಇಬ್ಬರು, ಬಟ್ಟೆ ಇಸ್ತ್ರಿ ಮಾಡುವ ಒಬ್ಬಳು. ಇಪ್ಪತ್ತನೆಯ ದಿನ ಕಾರ್ಡು ಬಂತು. ಅದರ ಮೇಲೆ ಶಿಫಾರಸಿನ ಸಹಿ ಒಂದು ಬೇಕಿತ್ತು. ಗಂಡಸರೆಲ್ಲ ಕೈ ಹಿಂದೆ ಕಟ್ಟಿಕೊಂಡಾಗ ಸಹಿ ಹಾಕಿದವನು ಸಾರ್.

ಅವಳ ಗಂಡ ಜನರೇಟರ್ ನಡೆಸುವವನು. ಮೂವತ್ತು ವರ್ಷ ಆ ಗಡಗಡದ ಪಕ್ಕ ಕೂತು ಎಡಗಿವಿ ಹೋಗಿತ್ತು. “ಒಬ್ಬಳಿಗೆ ಇರುವೆ ನಡೆದದ್ದೂ ಕೇಳಿಸುತ್ತೆ, ಇನ್ನೊಬ್ಬನಿಗೆ ಆನೆ ಬಂದರೂ ಕೇಳಿಸಲ್ಲ. ಸಂಸಾರ ಸುಖವಾಗಿದೆ” ಎಂದು ನೆರೆಯವರ ಮುಂದೆ ಅವನೇ ಹೇಳಿಕೊಳ್ಳುತ್ತಿದ್ದ. ಅವಳು ಮಲಗುತ್ತಿದ್ದದ್ದು ಅವನ ಎಡಕ್ಕೆ.

ಈಗ ಅವಳಿಗೆ ಐವತ್ತೆಂಟು. ಮಹಿಳಾ ಕೆಲಸಗಾರರ ಒಕ್ಕೂಟದವರು ಹೆಂಗಸರಿಗೆ ಸಿನಿಮಾ ಕಸುಬು ಕಲಿಸಲು ಆರು ತಿಂಗಳ ತರಬೇತಿ ಶುರು ಮಾಡಿದ್ದರು: ಕ್ಯಾಮೆರಾ, ಲೈಟು, ಎಡಿಟಿಂಗ್, ಸದ್ದು. ಒಕ್ಕೂಟದ ಕಾರ್ಯದರ್ಶಿ ಗೇಟಿನ ಮುಂದೆ ಜೊತೆಗೆ ಕೂತಿದ್ದ ಇಸ್ತ್ರಿಯವಳೇ. ಎರಡು ಸಲ ಮನೆಗೆ ಬಂದು ಕರೆದಳು. ಎರಡು ಸಲವೂ ಹೆಜ್ಜೆಕ್ಕ ಮಂಡಿ ತೋರಿಸಿದಳು.

“ಮಂಡಿಯಿಂದ ಪಾಠ ಹೇಳ್ತಾರಾ ಯಾರಾದರೂ?” ಎಂದಳು ಕಾರ್ಯದರ್ಶಿ ಮೂರನೆಯ ಸಲ. “ಕುರ್ಚಿ ಹಾಕ್ಸ್ತೀನಿ, ಕೂತು ಬೈದರೆ ಸಾಕು. ನಾವು ಸತ್ತರೆ ನಮ್ಮ ಜೊತೆ ಇದೂ ಸಾಯ್ಬೇಕಾ ಅಕ್ಕ?”

“ನನ್ನ ಹತ್ತಿರ ಕಲಿತವರು ಉದ್ಧಾರ ಆಗಲ್ಲ ಕಣೆ.”

“ಎಷ್ಟು ಜನಕ್ಕೆ ಕಲಿಸಿದ್ದೀರಿ?”

“ಒಬ್ಬಳಿಗೆ.”

ಕಾರ್ಯದರ್ಶಿ ಮುಂದೆ ಕೇಳಲಿಲ್ಲ. ಆ ಒಬ್ಬಳ ಸುದ್ದಿ ಸುಮಾರಾಗಿ ಎಲ್ಲರಿಗೂ ಗೊತ್ತಿತ್ತು, ಸಂಘ ಯಾಕೋ ಹೊರಗೆ ಹಾಕಿದ ಹುಡುಗಿ ಎನ್ನುವ ಮಟ್ಟಿಗೆ.

ಕೊನೆಗೆ ಹೆಜ್ಜೆಕ್ಕ ಒಪ್ಪಿದಳು, ಒಕ್ಕೂಟ ಬಾಡಿಗೆಗೆ ಹಿಡಿದದ್ದು ಮುಚ್ಚಿಹೋಗಿದ್ದ ಅವಳ ಹಳೆಯ ಸ್ಟುಡಿಯೋವನ್ನೇ. ಅದೇ ಕೋಣೆಗೆ ಸದ್ದಿನ ಪಾಠಕ್ಕೆ ನಾಲ್ವರು ಹುಡುಗಿಯರು ಬಂದರು. ಅವರಲ್ಲೊಬ್ಬಳು ಎರಡು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಮೊದಲ ದಿನವೇ ಹೆಸರು ಬಿದ್ದುಹೋಗಿ ಕಂಡಕ್ಟರ್ ಎಂದೇ ಉಳಿಯಿತು. ಗಂಟಲು ದೊಡ್ಡದು, ಕಿವಿ ಅದಕ್ಕಿಂತ ದೊಡ್ಡದು. ಬಸ್ಸಿನ ಹಿಂಬಾಗಿಲಲ್ಲಿ ನಿಂತು, ಮೆಟ್ಟಿಲ ಸದ್ದಿನಿಂದಲೇ ಹತ್ತಿದವರು ಎಷ್ಟು, ಇಳಿದವರು ಎಷ್ಟು ಎಂದು ಹೇಳುತ್ತಿದ್ದಳಂತೆ. ಹೆಜ್ಜೆಕ್ಕ ಪರೀಕ್ಷೆಗೆಂದು ಗೋಡೆಯತ್ತ ಮುಖ ಮಾಡಿ ನಿಲ್ಲಿಸಿ, ಹಿಂದೆ ನಾಲ್ಕು ಜೊತೆ ಬೂಟು ನಡೆಸಿದಳು.

“ಎರಡನೇದರ ಅಟ್ಟೆ ಬಿಟ್ಟಿದೆ. ನಾಲ್ಕನೇದು ನಿಮ್ಮ ಕಾಲಿಗೆ ಚಿಕ್ಕದು” ಎಂದಳು ಕಂಡಕ್ಟರ್.

ನಾಲ್ಕನೆಯದು ಕರಿಯ ಬೂಟು, ಅರ್ಧ ಹಿಮ್ಮಡಿಯದು. ಇಪ್ಪತ್ತೆರಡು ವರ್ಷದಿಂದ ಹೆಜ್ಜೆಕ್ಕ ಎಲ್ಲ ನಾಯಕಿಯರನ್ನೂ ಅದರಲ್ಲೇ ನಡೆಸಿದ್ದಳು. ಹಿಮ್ಮಡಿ ಎಷ್ಟೋ ಸಲ ಬದಲಾಗಿತ್ತು, ಒಳಗಿನ ಅಟ್ಟೆಯಲ್ಲಿ ಇನ್ನೊಬ್ಬಳ ಬೆರಳುಗಳ ಗುಳಿ ಹಾಗೇ ಇತ್ತು. ಹಾಕಿಕೊಂಡಾಗಲೆಲ್ಲ ಆ ಐದು ಗುಳಿಗಳಲ್ಲಿ ಇವಳ ಬೆರಳುಗಳು ಕೂರುತ್ತಿರಲಿಲ್ಲ, ಅಂಚಿನ ಮೇಲೆ ನಿಲ್ಲುತ್ತಿದ್ದವು.

ನಾಲ್ಕನೆಯ ತಿಂಗಳಲ್ಲಿ ಕಂಡಕ್ಟರ್ ಒಂದು ಪ್ರಶ್ನೆ ಕೇಳಿದಳು. ಊಟದ ಬಿಡುವು, ಉಳಿದವರು ಹೊರಗೆ ಹೋಗಿದ್ದರು. ಹೆಜ್ಜೆಕ್ಕ ಬೂಟುಗಳ ಧೂಳು ಒರೆಸುತ್ತಿದ್ದಳು.

“ಅಕ್ಕ, ನೀವು ಮಾಡಿದ ಹನ್ನೊಂದು ಸಿನಿಮಾ ನೋಡಿದೆ. ಕಣ್ಣು ಮುಚ್ಚಿಕೊಂಡು.”

“ಟಿಕೆಟ್ ದಂಡ ಮಾಡಿದೆ.”

“ಕೇಳಿ ಇಲ್ಲಿ. ಹೆಂಗಸರು ಮುಂದಕ್ಕೆ ನಡೆಯುವಾಗ ಒಬ್ಬೊಬ್ಬಳದು ಒಂದೊಂದು ಥರ. ಡಾಕ್ಟರ್ ಬೇರೆ, ಕಳ್ಳಿ ಬೇರೆ, ಮದುಮಗಳು ಬೇರೆ. ಆದರೆ ಹಿಂದಕ್ಕೆ ಸರಿಯುವಾಗ ಎಲ್ಲರೂ ಒಬ್ಬಳೇ. ಎರಡು ಹೆಜ್ಜೆ ಸರಿಯಾಗಿ ಬೀಳುತ್ತೆ. ಮೂರನೇದು ಎಳೆದುಕೊಂಡು ಹೋಗುತ್ತೆ, ಆಮೇಲೆ ಹಿಮ್ಮಡಿ ಏನೋ ಕಬ್ಬಿಣಕ್ಕೆ ತಾಗುತ್ತೆ. ಒಂದು ಸಿನಿಮಾದಲ್ಲಿ ಅವಳು ಗದ್ದೆ ಬದುವಿನ ಮೇಲಿದ್ದಾಳೆ, ಅಲ್ಲೂ ಕಬ್ಬಿಣ. ಅದು ಯಾರ ನಡಿಗೆ?”

ಹೆಜ್ಜೆಕ್ಕನ ಕೈಯಲ್ಲಿದ್ದ ಬಟ್ಟೆ ನಿಂತಿತು. ತಾನು ಹಾಗೆ ಮಾಡುತ್ತಿದ್ದೇನೆಂದು ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಕಿವಿಯಿಂದ ಬದುಕಿದವಳಿಗೆ ತನ್ನ ಕಾಲಿನ ಮಾತೇ ಕೇಳಿಸಿರಲಿಲ್ಲ.

“ಅಭ್ಯಾಸ” ಎಂದಳು.

“ಅಭ್ಯಾಸ ಮುಂದಕ್ಕೂ ಇರಬೇಕಿತ್ತಲ್ಲ” ಎಂದು ಹೇಳಿ ಕಂಡಕ್ಟರ್ ಊಟಕ್ಕೆ ಎದ್ದು ಹೋದಳು.

ತಾನು ಕಲಿಸಿದ ಆ ಒಬ್ಬಳನ್ನು ಹೆಜ್ಜೆಕ್ಕ ಮರಿ ಎಂದು ಕರೆಯುತ್ತಿದ್ದಳು. ಸ್ಟುಡಿಯೋದಲ್ಲಿ ಚಹಾ ಮಾಡುವವಳ ಮಗಳು. ಹದಿನೆಂಟು ದಾಟಿದ ಹುಡುಗಿ, ಲೋಟದ ತಟ್ಟೆ ಹಿಡಿದು ಬರುತ್ತಲೇ ಪರದೆಯ ಮೇಲಿನವರ ಜೊತೆ ನಡೆದುಬಿಡುತ್ತಿದ್ದಳು, ಒಂದು ಹನಿ ಚೆಲ್ಲದೆ. ಒಂದೂವರೆ ವರ್ಷದಲ್ಲಿ ಗುರುವನ್ನು ಮೀರಿಸುವ ಹಾಗಾದಳು. ಕರಿಯ ಬೂಟು ಅವಳದು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು, ಮಧ್ಯಾಹ್ನದ ಬಿಡುವು. ಹಿಂದಿನ ದಿನ ಮಾಡಿದ ಹೆಜ್ಜೆ ಸರಿ ಬಂದಿದೆಯಾ ಕೇಳಿಸಿಕೋ ಬಾ ಎಂದು ಸಾರ್ ಮರಿಯನ್ನು ಗಾಜಿನ ಕೋಣೆಗೆ ಕರೆದಿದ್ದ. ಗಾಜಿನ ಮೇಲೆ ಕರಿಯ ಪರದೆ ಎಳೆದಿತ್ತು. ಹೆಜ್ಜೆಕ್ಕ ಇತ್ತ ತನ್ನ ಕೋಣೆಯಲ್ಲಿ ಹೆಡ್‌ಫೋನು ತೆಗೆಯಲು ಮರೆತು ಬೂಟು ಒರೆಸುತ್ತಿದ್ದಳು. ಇದ್ದಕ್ಕಿದ್ದಂತೆ ಕಿವಿಯಲ್ಲಿ ಆ ಕೋಣೆ ತೆರೆದುಕೊಂಡಿತು. ಚಕ್ರದ ಕುರ್ಚಿ ಹಿಂದಕ್ಕೆ ಉರುಳಿದ ಸದ್ದು. ಬಲ ಹಿಮ್ಮಡಿಯನ್ನು ಊರಿ ನಡೆಯುವ ಸಾರ್‌ನ ಬೂಟು, ಎರಡು ಸಲ. ಬಾಗಿಲ ಚಿಲಕ. “ಸಾರ್, ಬೇಡ.” ಕರಿಯ ಬೂಟು ಒಂದು ಹೆಜ್ಜೆ ಹಿಂದೆ. ಎರಡು. ಮೂರನೆಯದು ನೆಲದ ಮೇಲೆ ಎಳೆದುಕೊಂಡು ಹೋಗಿ, ಹಿಮ್ಮಡಿ ಕಬ್ಬಿಣದ ಕಪಾಟಿಗೆ ತಾಗಿತು. ಆಮೇಲೆ ಟಕ್. ಏನೂ ಇಲ್ಲ.

ಆ ಗುಂಡಿ ಹಳೆಯದು, ಆಗೊಮ್ಮೆ ಈಗೊಮ್ಮೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡದ್ದು ಈಗ ಬಿಟ್ಟಿತು ಎಂದು ಹೆಜ್ಜೆಕ್ಕ ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಅವಳು ನಿಂತಲ್ಲಿಂದ ಆ ಬಾಗಿಲಿಗೆ ಇಪ್ಪತ್ನಾಲ್ಕು ಹೆಜ್ಜೆ. ದಿನಕ್ಕೆ ಸಾವಿರಾರು ಹೆಜ್ಜೆ ಇಡುತ್ತಿದ್ದವಳು ಅಂದು ಒಂದೂ ಇಡಲಿಲ್ಲ. ಅಂಗಿಯ ಜೇಬಿನಲ್ಲಿ ಕಾರ್ಡಿತ್ತು, ಕಾರ್ಡಿನಲ್ಲಿ ಸಹಿಯಿತ್ತು. ಅಷ್ಟೇ ಕಾರಣ, ದೊಡ್ಡದೇನಿಲ್ಲ. ಹತ್ತೊಂಬತ್ತು ದಿನ ಬಿಸಿಲಲ್ಲಿ ಕೂತು ಗಳಿಸಿದ್ದನ್ನು ಉಳಿಸಿಕೊಳ್ಳಲು ಐದು ನಿಮಿಷ ಬೂಟು ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು.

ಮರಿ ಸಂಘಕ್ಕೆ ದೂರು ಕೊಟ್ಟಳು. ಮೇಜಿನ ಹಿಂದೆ ಮೂವರು ಗಂಡಸರು. “ಅಕ್ಕನಿಗೆ ಕೇಳಿಸಿದೆ, ಅವರನ್ನೇ ಕೇಳಿ” ಎಂದಳು ಮರಿ. ಅವಳಿಗೆ ಅದು ಹೇಗೆ ಗೊತ್ತು ಎಂದು ಹೆಜ್ಜೆಕ್ಕನಿಗೆ ಒಂದು ಕ್ಷಣ ಅನ್ನಿಸಿತು. ಆ ಕ್ಷಣವನ್ನು ಅಲ್ಲಿಗೇ ಬಿಟ್ಟಳು.

“ಹೆಡ್‌ಫೋನ್ ಹಾಕ್ಕೊಂಡಿದ್ದೆ. ಏನೂ ಕೇಳಿಸಲಿಲ್ಲ” ಎಂದಳು.

ಹೆಡ್‌ಫೋನ್ ಹಾಕಿಕೊಂಡಿದ್ದರೆ ಹೊರಗಿನದು ಕೇಳುವುದಿಲ್ಲ ಎಂದು ಆ ಮೂವರೂ ತಲೆಯಾಡಿಸಿದರು. ಕಾಗದದಲ್ಲಿ ‘ನಡತೆ ಸರಿಯಿಲ್ಲ’ ಎಂದು ಬರೆದರು. ಸಾರ್‌ನದಲ್ಲ. ಮರಿ ಹೊರಗೆ ಬರುವಾಗ ಬಾಗಿಲಲ್ಲಿ ನಿಂತು, “ನಿಮಗೇ ಕೇಳಿಸಲಿಲ್ಲ ಅಂದ್ರೆ ಇನ್ನು ಯಾರಿಗೂ ಕೇಳಿಸಲ್ಲ ಬಿಡಿ ಅಕ್ಕ” ಎಂದಳು. ಬೂಟು ತೆಗೆದುಕೊಂಡು ಹೋಗಲು ಮತ್ತೆ ಬರಲಿಲ್ಲ. ಬೇರೆ ಸ್ಟುಡಿಯೋಗಳೂ ಅವಳನ್ನು ಸೇರಿಸಲಿಲ್ಲ. ಊರಿನ ಇನ್ನೊಂದು ಮೂಲೆಯಲ್ಲಿ ಬಟ್ಟೆ ಹೊಲಿಯುತ್ತಾಳೆ ಎಂದು ಚಹಾದವಳು ಸಾಯುವ ಮೊದಲು ಹೇಳಿದ್ದಳು.

ಇಷ್ಟು ವರ್ಷ ಹೆಜ್ಜೆಕ್ಕ ಇದನ್ನು ಗಂಡನ ಎಡಗಿವಿಗಲ್ಲದೆ ಬೇರೆ ಯಾರಿಗೂ ಹೇಳಿರಲಿಲ್ಲ.

ಐದನೆಯ ತಿಂಗಳು ಕಾರ್ಯದರ್ಶಿ ಹಿಗ್ಗಿಕೊಂಡು ಬಂದಳು. “ಅಕ್ಕ, ನಮ್ಮ ಕಂಡಕ್ಟರಿಗೆ ಕೆಲಸ ಗಟ್ಟಿ ಆಯ್ತು. ಒಂದು ವರ್ಷ ದೊಡ್ಡ ಸ್ಟುಡಿಯೋದಲ್ಲಿ. ಯಾರ ಹತ್ತಿರ ಗೊತ್ತಾ?”

ಗೊತ್ತಿತ್ತು. ಮೆಟ್ಟಿಲ ಮೇಲೆ ಬಲ ಹಿಮ್ಮಡಿ ಊರುತ್ತ ಬರುತ್ತಿತ್ತು. ಬೂಟು ಹೊಸದು, ವಯಸ್ಸಾಗಿ ನಡಿಗೆ ನಿಧಾನ, ಕಾಲು ಅದೇ. ಸಾರ್‌ಗೆ ಈಗ ಸ್ವಂತ ಸ್ಟುಡಿಯೋ ಇತ್ತು, ಕೂದಲು ಬೆಳ್ಳಗಾಗಿ ಮುಖಕ್ಕೆ ಒಂದು ಥರ ಸಾಧುಕಳೆ ಬಂದಿತ್ತು. ಈ ತರಬೇತಿಗೆ ಮೈಕು, ಹೆಡ್‌ಫೋನು, ರೆಕಾರ್ಡಿಂಗ್ ಯಂತ್ರ ಎಲ್ಲ ಕೊಟ್ಟವನು ಅವನೇ ಎಂದು ಹೆಜ್ಜೆಕ್ಕನಿಗೆ ಅಂದೇ ತಿಳಿಯಿತು.

“ಏನಮ್ಮ, ಇನ್ನೂ ನಡೀತಾನೇ ಇದ್ದೀಯಾ?” ಎಂದು ನಕ್ಕ. ಕಂಡಕ್ಟರಳ ಕೆಲಸ ಕೇಳಿಸಿಕೊಂಡ. ತಲೆಯಾಡಿಸಿದ. “ಒಳ್ಳೇ ಕಿವಿ. ಕಳಿಸಿಕೊಡಿ, ನನ್ನ ಕೋಣೆಯಲ್ಲೇ ಕೂರಿಸಿಕೊಂಡು ಕಲಿಸ್ತೀನಿ.”

ಕಂಡಕ್ಟರಳ ಮುಖ ಅರಳಿತು. ಹೆಜ್ಜೆಕ್ಕನ ಬೆನ್ನ ಹಿಂದೆ ಮೂರು ಹೆಜ್ಜೆ ಕೇಳಿಸಿತು. ತಿರುಗಿ ನೋಡಿದಳು. ಹಲಗೆಯ ಮೇಲೆ ಯಾರೂ ಇರಲಿಲ್ಲ, ಕರಿಯ ಬೂಟು ತನ್ನ ಜಾಗದಲ್ಲೇ ಇತ್ತು.

ಮಾರನೆಯ ದಿನದಿಂದ ಅದು ಬಿಡಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಎರಡು ಹನಿ ಸರಿ, ಮೂರನೆಯದು ಎಳೆಯುತ್ತಿತ್ತು. ಬಸ್ಸಿನಲ್ಲಿ ಹಿಂದಿನ ಸೀಟಿನವರು ಕಾಲು ಸರಿಸಿದರೆ ಅದೇ. ಮನೆಯಲ್ಲಿ ಗಂಡ ಕುರ್ಚಿ ಎಳೆದರೆ ಅವಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ತಿರುಗಿ ನೋಡುತ್ತಿದ್ದಳು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಈಗ ಇರಲಿಲ್ಲ, ಮಂಡಿಯೇ ಹೋಗಿತ್ತು. ಹೆದರಿಕೆ ಬೇರೆ: ಬಾಯಿ ಬಿಟ್ಟರೆ ತಾನು ಯಾರು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಬಿಡದಿದ್ದರೆ ಇನ್ನೊಬ್ಬಳು ಆ ಕೋಣೆಗೆ ಹೋಗುತ್ತಾಳೆ. ಯಾರು ಯಾವ ಸ್ಟುಡಿಯೋಗೆ ಎಂಬ ಒಕ್ಕೂಟದ ಪಟ್ಟಿಗೆ ಸಹಿ ಬೀಳಲು ಹತ್ತು ದಿನವಿತ್ತು.

ಬೆಳಿಗ್ಗೆ ಚಹಾ ಬಸಿಯುತ್ತಿರುವಾಗ ಗಂಡ ಕೇಳಿದ, “ಆ ಹುಡುಗಿಯನ್ನ ಅವನ ಹತ್ತಿರ ಕಳಿಸ್ತಿದ್ದೀರಂತೆ.”

“ಯಾರು ಹೇಳಿದರು ನಿಮಗೆ?”

“ನೀನೇ. ನಿನ್ನೆ, ಮೊನ್ನೆ. ಎಡಗಿವಿ ಪೂರ್ತಿ ಹೋಗಿಲ್ಲ ಕಣೆ. ಯಾವತ್ತೂ ಪೂರ್ತಿ ಹೋಗಿರಲಿಲ್ಲ.”

ಅವಳು ಪಾತ್ರೆ ಕೆಳಗಿಟ್ಟಳು. “ಮತ್ತೆ ಇಷ್ಟು ವರ್ಷ ಸುಮ್ಮನಿದ್ದಿರಿ?”

“ಕೇಳಿಸಿಕೊಂಡು ಸುಮ್ಮನಿರೋದು ನಿನ್ನೊಬ್ಬಳದೇ ಕಸುಬಾ?” ಎಂದ ಅವನು. ಲೋಟ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.

ಅದೇ ದಿನ ಅವಳು ಕಾರ್ಯದರ್ಶಿಯ ಕೋಣೆಗೆ ಹೋದಳು. ಕಂಡಕ್ಟರಳನ್ನೂ ಕರೆಸಿದಳು. ನಿಂತುಕೊಂಡೇ ಎಲ್ಲ ಹೇಳಿದಳು, ಬೂಟು ಒರೆಸಿದ್ದನ್ನೂ ಬಿಡದೆ.

“ಸಾಕ್ಷಿ ಏನಿದೆ ಅಂತ ಕೇಳ್ತಾರೆ” ಎಂದಳು ಕಾರ್ಯದರ್ಶಿ.

“ಇನ್ನೂರು ಸಿನಿಮಾ ಇದೆ. ಇವಳು ಹಿಡಿದಳಲ್ಲ.”

“ಅದೆಲ್ಲ ಸಾಕ್ಷಿ ಆಗಲ್ಲ ಅಕ್ಕ. ನೀವೇ ಸಾಕ್ಷಿ. ಅವತ್ತು ಸುಳ್ಳು ಹೇಳಿದೆ ಅಂತ ಬರೆದು ಸಹಿ ಹಾಕಬೇಕು. ಸಂಘ ನಿಮ್ಮ ಕಾರ್ಡು ಕಿತ್ಕೊಳ್ಳುತ್ತೆ, ಅವನು ಮೈಕು ಯಂತ್ರ ಎಲ್ಲ ಎತ್ಕೊಂಡು ಹೋಗ್ತಾನೆ. ಅದು ಹಾಳಾಗಲಿ. ಆದರೆ ಅವಳು ಒಪ್ಪದೆ ಅವಳ ವಿಷಯ ನಾವು ಎತ್ತಕ್ಕಾಗಲ್ಲ. ಒಂದು ಸಲ ಅವಳನ್ನ ಬೀದಿಗೆ ತಂದದ್ದು ಸಾಲದಾ?”

ಕಂಡಕ್ಟರ್ ಅಷ್ಟು ಹೊತ್ತು ಗೋಡೆ ನೋಡುತ್ತಿದ್ದಳು. “ಬಸ್ಸು ಬಿಟ್ಟು ಬಂದೆ ನಾನು” ಎಂದಳು. “ಮನೆಯಲ್ಲಿ ಜಗಳ ಮಾಡಿ ಬಂದೆ. ಈಗ ಈ ಕೆಲಸವೂ ಇಲ್ಲ. ನೀವು ಅವತ್ತೇ ಹೇಳಿದ್ದಿದ್ದರೆ ಅವನು ಇವತ್ತು ಕೆಲಸ ಕೊಡೋ ಜಾಗದಲ್ಲೇ ಇರ್ತಿರಲಿಲ್ಲ.”

“ಹೌದು.”

“ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಇರ್ತಿದ್ದರು. ಅವಳೇ ಇರ್ತಿದ್ದಳೋ ಏನೋ.”

“ಹೌದು.”

“ಬರೀ ಹೌದು ಹೌದು ಅನ್ನಬೇಡಿ, ಹೋಗಿ ಕೇಳಿಕೊಂಡು ಬನ್ನಿ” ಎಂದಳು ಕಂಡಕ್ಟರ್, ಬಸ್ಸಿನಲ್ಲಿ ಬಾಗಿಲಿಗೆ ಅಡ್ಡ ನಿಂತವರಿಗೆ ಹೇಳುವ ದನಿಯಲ್ಲಿ.

ಹಳೆಯ ಗಿರಣಿಯ ಹಿಂದಿನ ಬೀದಿ, ನಾಲ್ಕು ಮಹಡಿಯ ಕಟ್ಟಡ. ಬಟ್ಟೆ ಒಣಹಾಕಿದ ಹಗ್ಗಗಳ ನಡುವೆ ‘ಹೊಲಿಗೆ, ಅಳತೆ ತಿದ್ದುವಿಕೆ, ಮೂರನೇ ಮಹಡಿ’ ಎಂದು ಸಣ್ಣ ಬೋರ್ಡು. ಹೆಜ್ಜೆಕ್ಕನಿಗೆ ಅದು ಹೊಸದಲ್ಲ. ಹಿಂದೆ ಎರಡು ಸಲ ಬಂದಿದ್ದಳು, ಎರಡನೆಯ ಮಹಡಿಯವರೆಗೆ ಹತ್ತಿ ವಾಪಸಾಗಿದ್ದಳು. ಇಂದು ಚೀಲದಲ್ಲಿ ಕರಿಯ ಬೂಟು, ಬರೆದ ಕಾಗದ. ಹಗಲು ಹನ್ನೊಂದು ಗಂಟೆ. ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು.

ಎರಡನೆಯ ಮಹಡಿಯ ತಿರುವಿಗೆ ಬಂದಾಗ ಯಂತ್ರ ನಿಂತಿತು.

ಅವಳೂ ನಿಂತಳು. ಮೇಲೆ ಒಬ್ಬಳು ಕಿವಿಗೊಟ್ಟು ಕೂತಿದ್ದಾಳೆ ಎಂದು ಗೊತ್ತಾಗಲು ಏನೂ ಕೇಳಿಸಬೇಕಾಗಿರಲಿಲ್ಲ. ಮಂಡಿ ಹಿಡಿದುಕೊಂಡು ಉಳಿದ ಹದಿನಾರು ಮೆಟ್ಟಿಲು ಹತ್ತಿದಳು. ಬಾಗಿಲು ಮುಚ್ಚಿತ್ತು. ಒಳಗೆ ಎರಡು ಹೆಜ್ಜೆ ಬಾಗಿಲತ್ತ ಬಂದು ನಿಂತವು.

“ಮರಿ” ಎಂದಳು.

ಪಕ್ಕದ ಮನೆಯ ಹೆಂಗಸೊಬ್ಬಳು ಮೊರ ಹಿಡಿದುಕೊಂಡೇ ಇಣುಕಿ ನೋಡಿ, ಒಳಗೆ ಹೋಗದೆ ಅಲ್ಲೇ ನಿಂತಳು.

“ಹಿಂದೆ ಎರಡು ಸಲ ಬಂದು ಅರ್ಧಕ್ಕೇ ಹೋದಿರಿ” ಎಂದಿತು ಬಾಗಿಲ ಹಿಂದಿನ ದನಿ. ದಪ್ಪವಾಗಿತ್ತು, ಅವಸರವಿರಲಿಲ್ಲ. “ಇವತ್ತು ಏನು ತಂದಿದ್ದೀರಿ?”

“ಬರೆದು ತಂದಿದ್ದೀನಿ. ಸಂಘಕ್ಕೆ ಕೊಡಕ್ಕೆ. ನೀನು ಒಪ್ಪಿದರೆ.”

“ಓದಿ.”

“ಇಲ್ಲೇನಾ?”

“ಅವತ್ತು ಎಲ್ಲರ ಮುಂದೆ ತಾನೇ ಹೇಳಿದ್ದು.”

ಹೆಜ್ಜೆಕ್ಕ ಕನ್ನಡಕ ಹಾಕಿಕೊಂಡಳು. ಮೊರದವಳ ಎದುರಿಗೆ, ಮುಚ್ಚಿದ ಬಾಗಿಲಿಗೆ, ಒಂದು ಪುಟವನ್ನು ಓದಿದಳು. ಕುರ್ಚಿ, ಚಿಲಕ, ಎರಡು ಹೆಜ್ಜೆ, ಮೂರನೆಯದು. ಸಾರ್ ಮರೆತು ಮಾತಿನ ಗುಂಡಿಯನ್ನು ಒತ್ತಿದ್ದರಿಂದಲೋ, ಗುಂಡಿ ಸಿಕ್ಕಿಕೊಂಡಿದ್ದರಿಂದಲೋ ತನಗೆ ಎಲ್ಲವೂ ಕೇಳಿಸಿತೆಂದೂ, ಕೇಳಿಸಲಿಲ್ಲವೆಂದು ಹೇಳಿದ್ದು ಸುಳ್ಳೆಂದೂ ಓದಿ ನಿಲ್ಲಿಸಿದಳು.

“ಮಂಗಳವಾರ ಅಲ್ಲ, ಬುಧವಾರ” ಎಂದಿತು ದನಿ. “ತಿದ್ದಿ.”

“ತಿದ್ದುತೀನಿ.”

“ಗುಂಡಿ ಸಿಕ್ಕಿಕೊಂಡಿರಲಿಲ್ಲ. ನಾನು ಒತ್ತಿ ಹಿಡಿದಿದ್ದೆ.”

ಹೆಜ್ಜೆಕ್ಕ ಕಾಗದ ಮಡಚಿ ಕನ್ನಡಕ ತೆಗೆದಳು.

“ಅವನು ಎದ್ದ ತಕ್ಷಣ ಮೇಜಿನ ತುದಿಗೆ ಕೈ ಚಾಚಿದೆ. ನಿಮಗೆ ಕೇಳಿಸಲಿ ಅಂತ. ಹಿಂದೆ ಸರಿದೆ, ಆದರೆ ಬೆರಳು ಬಿಡಲಿಲ್ಲ. ಮೈ ಹಿಂದೆ, ಕೈ ಮುಂದೆ. ಅದಕ್ಕೇ ಮೂರನೇ ಹೆಜ್ಜೆ ಎಳೆಯಿತು. ಕೈ ಕಿತ್ತು ಹೋಗೋ ತನಕ ಹಿಡಿದಿದ್ದೆ. ಬರ್ತೀರಿ, ಬಾಗಿಲು ತಟ್ಟುತೀರಿ ಅಂತ ಎಣಿಸ್ತಿದ್ದೆ. ಇಪ್ಪತ್ನಾಲ್ಕು ಹೆಜ್ಜೆ ಅಲ್ವಾ? ನಾಲ್ಕು ಸಲ ಎಣಿಸಿದೆ.”

ಒತ್ತಿ ಹಿಡಿದರೆ ಮಾತ್ರ ಕೇಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅದು ಹೆಜ್ಜೆಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ದಿನವೂ ಅದರಲ್ಲೇ ಬದುಕಿದವಳು. ಆ ಗುಂಡಿಯ ಮೇಲೆ ಬೆರಳು ಯಾರದಿತ್ತು ಎಂದು ಇಪ್ಪತ್ತೆರಡು ವರ್ಷ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕದ್ದು ಕೇಳಿದ್ದು ಎಂದು ತಿಳಿದಿದ್ದಳು. ಅದು ಅವಳನ್ನೇ ಕರೆದ ಕರೆ.

ಕ್ಷಮಿಸು ಎನ್ನುವ ಮಾತು ಗಂಟಲಿಗೆ ಬಂತು. ಬಾಗಿಲ ಹಿಂದಿನವಳಿಗೆ ಅದೂ ಕೇಳಿಸಿತೋ ಏನೋ. “ಅದೆಲ್ಲ ಬೇಡ” ಎಂದಳು. “ಕಾಗದ ಸಂಘಕ್ಕೆ ಕೊಡಿ. ನನ್ನ ಹೆಸರು ಪೂರ್ತಿ ಬರೀರಿ. ಮರಿ ಗಿರಿ ಅಂತ ಬೇಡ, ನನಗೆ ನಲವತ್ತೆರಡು ವರ್ಷ.”

“ಬೂಟು ತಂದಿದ್ದೆ.”

“ಇಟ್ಟು ಹೋಗಿ.”

ಹೊಸ್ತಿಲ ಮುಂದೆ ಜೋಡಿಸಿಟ್ಟು ಅವಳು ಇಳಿದಳು. ಎರಡನೆಯ ಮಹಡಿಯಲ್ಲಿ ಮೇಲೆ ಬಾಗಿಲು ತೆರೆದ ಸದ್ದಾಯಿತು. ಬೂಟು ಒಳಗೆ ಹೋಯಿತೋ, ಕಸದ ಡಬ್ಬಿಗೆ ಹೋಯಿತೋ, ಅವಳು ನಿಂತು ಕೇಳಲಿಲ್ಲ. ಬೀದಿಗೆ ಬರುವಷ್ಟರಲ್ಲಿ ಹೊಲಿಗೆ ಯಂತ್ರ ಮತ್ತೆ ಶುರುವಾಗಿತ್ತು.

ಕಾಗದ ತಿದ್ದಿ ಶುಕ್ರವಾರ ಕೊಟ್ಟಳು. ಪಟ್ಟಿಯಿಂದ ಸಾರ್‌ನ ಸ್ಟುಡಿಯೋದ ಹೆಸರನ್ನು ಒಕ್ಕೂಟ ತೆಗೆದುಹಾಕಿತು. ಮಾರನೆಯ ವಾರ ಅವನ ಆಳುಗಳು ಬಂದು ಮೈಕು, ಯಂತ್ರ, ಹೆಡ್‌ಫೋನು ಎಲ್ಲವನ್ನೂ ಸುತ್ತಿಕೊಂಡು ಹೋದರು. ಸಂಘ ವಿಚಾರಣೆ ತೆರೆಯಿತು. ಸುಳ್ಳು ಹೇಳಿಕೆಗಾಗಿ ಹೆಜ್ಜೆಕ್ಕನ ಕಾರ್ಡನ್ನು ಮೊದಲು ಅಮಾನತು ಮಾಡಿತು. ಅಂಥ ಕೆಲಸದಲ್ಲಿ ಅವರು ಚುರುಕು. ಅವನ ವಿಷಯ ಇನ್ನೂ ಪರಿಶೀಲನೆಯಲ್ಲಿದೆ. ಕಾರ್ಯದರ್ಶಿ ಗೋಣಿತಟ್ಟು ಹುಡುಕಿಟ್ಟಿದ್ದಾಳೆ.

ಪಾಠ ನಿಲ್ಲಲಿಲ್ಲ. ಕೋಣೆಯಲ್ಲಿ ಉಳಿದದ್ದು ಗುಣಿಗಳು, ಹಲಗೆ, ಅರವತ್ತೆರಡು ಜೊತೆ ಬೂಟು. ಯಂತ್ರವಿಲ್ಲದೆಯೇ ನಡೆಯಬೇಕು, ಕಿವಿಯೇ ಮೈಕು. ಕಂಡಕ್ಟರ್ ಮೂರು ದಿನ ಹೆಜ್ಜೆಕ್ಕನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಹಲಗೆಯ ಮೇಲೆ ನಿಂತು, “ಹಿಂದಕ್ಕೆ ಸರಿಯೋದು ತೋರಿಸ್ತೀನಿ, ನೋಡಿ” ಎಂದಳು.

ಹೆಜ್ಜೆಕ್ಕ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಒಂದು. ಎರಡು. ಮೂರು. ಮೂರನೆಯದು ಎಳೆಯಲಿಲ್ಲ. ಅದು ಕಂಡಕ್ಟರಳದೇ ಹೆಜ್ಜೆ, ಬಸ್ಸು ಅಲುಗಾಡಿದರೂ ನಿಲ್ಲಬಲ್ಲ ಕಾಲಿನದು.

“ಹೇಗಿದೆ?”

“ಸರಿಯಿದೆ. ಇನ್ನೊಂದು ಸಲ.”

ಹುಡುಗಿ ಮತ್ತೆ ಸರಿದಳು. ಈಗ ಹೆಜ್ಜೆಗಳು ನಿಂತ ಮೇಲಿನ ಮೌನದಲ್ಲಿ ಹೆಜ್ಜೆಕ್ಕನಿಗೆ ಟಕ್ ಎಂದು ಕೇಳಿಸಿತು, ಬೆರಳು ಗುಂಡಿಯಿಂದ ಕಿತ್ತುಬಂದ ಹಾಗೆ. ಎದ್ದಳು. ಮಂಡಿ ಹಿಡಿದುಕೊಂಡು ಬಾಗಿಲವರೆಗೆ ನಡೆದಳು, ಬಾಯಲ್ಲೇ ಎಣಿಸುತ್ತ.

“ಎಲ್ಲಿಗೆ ಅಕ್ಕ?” ಎಂದಳು ಕಂಡಕ್ಟರ್.

ಅವಳು ಎಣಿಕೆ ನಿಲ್ಲಿಸಲಿಲ್ಲ. ಇಪ್ಪತ್ನಾಲ್ಕಕ್ಕೆ ಆ ಖಾಲಿ ಗಾಜಿನ ಕೋಣೆಯ ಬಾಗಿಲು ಬಂತು. ತಟ್ಟಿದಳು. ಒಳಗೆ ಯಾರೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕಿವಿಗೊಟ್ಟು ನಿಂತೇ ಇದ್ದಳು, ಹುಡುಗಿಯರು ಊಟಕ್ಕೆ ಕರೆಯುವ ತನಕ.